ಹೊಂಡದಲ್ಲಿ ಮುಳುಗೋ ಗುಳುಮುಳುಕ: ನಿಮ್ಮ ಮೀನು ಕದೀತಿರೋದು ಇದೇನಾ?

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ನಮ್ಮ ಓದುಗರೊಬ್ಬರು ವಾಟ್ಸಾಪ್‌ನಲ್ಲಿ ಒಂದು ಚಿಕ್ಕ ವಿಡಿಯೊ ಕಳಿಸಿದ್ರು. ಅವರದ್ದು 21 ಮೀಟರ್ ಉದ್ದ, 21 ಮೀಟರ್ ಅಗಲದ ಕೃಷಿ ಹೊಂಡ. ನೀರಿನ ನಡುವೆ ಪಾರಿವಾಳಕ್ಕಿಂತ ಚಿಕ್ಕದೊಂದು ಕಂದು ಹಕ್ಕಿ ತೇಲ್ತಾ ಇದೆ. ಫೋನು ಹಿಡ್ಕೊಂಡು ಅವರು ನಾಲ್ಕು ಹೆಜ್ಜೆ ಹತ್ತಿರ ಹೋದ್ರು, ಹಕ್ಕಿ ಪುಳಕ್ ಅಂತ ಮುಳುಗಿತು. ವಿಡಿಯೊ ಮುಗಿಯೋವರೆಗೂ ಮೇಲೆ ಬರಲೇ ಇಲ್ಲ.

ಕೆಳಗೆ ಬರೆದಿದ್ರು: "ಸರ್, ಜುಲೈನಲ್ಲಿ 500 ಕಾಟ್ಲಾ, ರೋಹು ಮರಿ ಬಿಟ್ಟಿದ್ದೆ. ಮೊನ್ನೆ ಬಲೆ ಎಳೆದು ನೋಡಿದ್ರೆ ನೂರೂ ಸಿಗಲಿಲ್ಲ. ಈ ಬಾತುಕೋಳಿ ಜೋಡಿ ಬಂದಾಗಿನಿಂದ ಹಿಂಗೆ. ಬಲೆ ಕಟ್ಟಿ ಹಿಡೀಲಾ?"

ಬೇಡ, ಒಂದು ವಾರ ಸುಮ್ಮನೆ ನೋಡಿ ಅಂತ ನಾವು ಉತ್ತರ ಬರೆದ್ವಿ. ಆದ್ರೆ ಅಷ್ಟೊತ್ತಿಗೆ ಅವರು ತೆಳು ನೈಲಾನ್ ಬಲೆ ನೀರಿಗೆ ಇಳಿಬಿಟ್ಟಾಗಿತ್ತು. ಮರುದಿನ ಬೆಳಗ್ಗೆ ಒಂದು ಹಕ್ಕಿ ಬಲೆಗೆ ಸಿಕ್ಕಿ ನೀರೊಳಗೇ ಸತ್ತಿತ್ತು. ಜೊತೆಯದ್ದು ಎರಡು ದಿನ ಅಲ್ಲೇ ಕೂಗ್ತಾ ಓಡಾಡಿ, ಆಮೇಲೆ ಕಾಣಲಿಲ್ಲವಂತೆ. ಮೀನು ಮಾತ್ರ ಅಮೇಲೂ ಕಮ್ಮಿ ಆಗ್ತಾನೇ ಇತ್ತು.

ತಪ್ಪು ಅವರೊಬ್ಬರದ್ದೇ ಅಲ್ಲ. ನೀರಲ್ಲಿ ಮುಳುಗೋ ಹಕ್ಕಿ ಅಂದ್ರೆ ಮೀನುಕಳ್ಳ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಹೊಂಡದಲ್ಲಿ ಮೀನು ಸಾಕೋರು ಹೆಚ್ಚಾಗ್ತಿರೋ ಈ ಹೊತ್ತಲ್ಲಿ ಆ ಹಕ್ಕಿ ಯಾವುದು, ಏನು ತಿನ್ನುತ್ತೆ, ಹೇಗೆ ಬದುಕುತ್ತೆ ಅನ್ನೋದನ್ನ ಸ್ವಲ್ಪ ವಿವರವಾಗಿ ನೋಡೋಣ.

ಗುರುತು ಹಿಡಿಯೋದು

ವಿಡಿಯೊದಲ್ಲಿದ್ದದ್ದು ಗುಳುಮುಳುಕ. ಎಷ್ಟೋ ಕಡೆ ಇದನ್ನೂ ಸೇರಿಸಿ ಎಲ್ಲಾ ನೀರುಹಕ್ಕಿಗೂ 'ನೀರುಕೋಳಿ' ಅಂದುಬಿಡ್ತಾರೆ, ಗೊಂದಲ ಶುರುವಾಗೋದೇ ಅಲ್ಲಿಂದ. ಗುಳುಮುಳುಕ ಕೋಳಿಯೂ ಅಲ್ಲ, ಬಾತುಕೋಳಿಯೂ ಅಲ್ಲ. ಡಿಎನ್‌ಎ ಪರೀಕ್ಷೆ ಮಾಡಿದ ವಿಜ್ಞಾನಿಗಳ ಪ್ರಕಾರ ಇದರ ಕುಟುಂಬಕ್ಕೆ ತೀರಾ ಹತ್ತಿರದ ನೆಂಟರು ಉದ್ದ ಕಾಲಿನ ರಾಜಹಂಸಗಳು. ನೋಡಿದ್ರೆ ಯಾರೂ ನಂಬಲ್ಲ.

ಉದ್ದ ಸುಮಾರು 25 ಸೆಂಟಿಮೀಟರ್, ತೂಕ ಹೆಚ್ಚೆಂದರೆ ಕಾಲು ಕೆಜಿಯ ಒಳಗೇ. ದುಂಡು ಮೈ, ಸಣ್ಣ ಚೂಪು ಕೊಕ್ಕು. ಮುಖ್ಯ ಗುರುತು ಹಿಂಭಾಗ: ಬಾಲವೇ ಇಲ್ಲದ ಹಾಗೆ, ಹತ್ತಿ ಉಂಡೆ ಅಂಟಿಸಿದ ಹಾಗೆ ಕಾಣುತ್ತೆ. ದೂರದಿಂದ ಕಂದು ಬಣ್ಣದ ಚೆಂಡೊಂದು ತೇಲಿದ ಹಾಗಿರುತ್ತೆ.

ಬಣ್ಣ ಕಾಲಕ್ಕೆ ತಕ್ಕಂತೆ ಬದಲಾಗುತ್ತೆ, ಅದಕ್ಕೇ ಕೆಲವರು ಇವು ಎರಡು ಬೇರೆ ಹಕ್ಕಿ ಅಂದ್ಕೋತಾರೆ. ಮರಿ ಮಾಡೋ ಸಮಯದಲ್ಲಿ ಕೆನ್ನೆ, ಕತ್ತು ಕೆಂಪುಗಂದು, ಬೆನ್ನು ತಲೆ ಗಾಢ ಕಂದು. ಕೊಕ್ಕಿನ ಬುಡದಲ್ಲಿ ಬಾಯಿಯ ಮೂಲೆಗೆ ಒಂದು ತಿಳಿ ಹಳದಿ ಚುಕ್ಕೆ, ಸುಣ್ಣ ಹಚ್ಚಿದ ಹಾಗೆ ಎದ್ದು ಕಾಣುತ್ತೆ. ಉಳಿದ ಸಮಯದಲ್ಲಿ ಆ ಕೆಂಪೆಲ್ಲ ಹೋಗಿ ಮಾಸಲು ಕಂದು, ಹೊಟ್ಟೆ ಬಿಳಿಚು. ಗಂಡು ಹೆಣ್ಣು ನೋಡೋಕೆ ಒಂದೇ ಥರ.

ಕಣ್ಣಿಗೆ ಕಾಣದಿದ್ರೂ ಕಿವಿಗೆ ಸಿಗುತ್ತೆ. ಜೊಂಡಿನ ಮರೆಯಿಂದ ಕಿರ್ರ್ರ್ ಅಂತ ಒಂದೇ ಉಸಿರಲ್ಲಿ ನಡುಗುವ ಕೂಗು, ಪುಟ್ಟ ಕುದುರೆಮರಿ ಕೆನೆದ ಹಾಗೆ. ಒಂದು ಶುರು ಮಾಡಿದ್ರೆ ಜೋಡಿಯದ್ದೂ ಸೇರಿಕೊಳ್ಳುತ್ತೆ. ಸಂಜೆ ಪಂಪ್ ಆಫ್ ಮಾಡಿ ಕೆರೆ ಏರಿ ಮೇಲೆ ಐದು ನಿಮಿಷ ನಿಂತ್ರೆ ಈ ಕೂಗು ಕೇಳಿಸೋ ಸಾಧ್ಯತೆ ಹೆಚ್ಚು. ಅನುಮಾನ ಇದ್ರೆ ಮರ್ಲಿನ್ ಅನ್ನೋ ಉಚಿತ ಆ್ಯಪ್ ಹಾಕ್ಕೊಳ್ಳಿ. ಫೋಟೊ ಕೊಟ್ಟರೂ ಆಗುತ್ತೆ, ಕೂಗು ಕೇಳಿಸಿದ್ರೂ ಆಗುತ್ತೆ, ಹೆಸರು ಸೂಚಿಸುತ್ತೆ. ಆದ್ರೆ ಆ್ಯಪ್ ಹೇಳಿದ್ದನ್ನ ನಿಮ್ಮ ಕಣ್ಣಿಂದ ಒಮ್ಮೆ ತಾಳೆ ನೋಡಿ.

ಹತ್ತಿರದ ಗೊಂದಲ ಎರಡು. ಒಂದು ನಾಮದ ಕೋಳಿ: ಇದು ದೊಡ್ಡದು, ಮೈಯೆಲ್ಲ ಕಪ್ಪು, ಹಣೆ ಮೇಲೆ ಬಿಳಿ ನಾಮ. ಇದೂ ಮುಳುಗುತ್ತೆ, ಆದ್ರೆ ತಿನ್ನೋದು ಬಹುಪಾಲು ನೀರಿನ ಗಿಡ. ಇನ್ನೊಂದು ನೀರುಕಾಗೆ. ಅಸಲಿ ವಿಷಯ ಇರೋದು ಇದರಲ್ಲಿ, ಮುಂದೆ ಬರ್ತೀನಿ.

ಮುಳುಗೋಕೇ ಮಾಡಿದ ಮೈ

ಗುಳುಮುಳುಕದ ಕಾಲು ಮೈಯ ನಡುವೆ ಇಲ್ಲ, ತೀರಾ ಹಿಂದೆ ಇದೆ. ದೋಣಿಗೆ ಮೋಟರ್ ಹಿಂದೆ ಕೂರಿಸ್ತಾರಲ್ಲ, ಹಾಗೆ. ಬೆರಳುಗಳ ನಡುವೆ ಬಾತುಕೋಳಿಗೆ ಇರೋ ಥರ ಪೊರೆ ಇಲ್ಲ. ಒಂದೊಂದು ಬೆರಳಿಗೂ ಅದರದ್ದೇ ಅಗಲ ಅಂಚು ಇದೆ, ಎಲೆ ಥರ. ಕಾಲನ್ನ ಹಿಂದಕ್ಕೆ ಒದ್ದಾಗ ಎಲೆ ಬಿಚ್ಚಿ ನೀರು ತಳ್ಳುತ್ತೆ, ಮುಂದಕ್ಕೆ ತರುವಾಗ ಮಡಚಿಕೊಂಡು ನೀರಿಗೆ ಅಡ್ಡ ಬರಲ್ಲ. ನೀರೊಳಗೆ ರೆಕ್ಕೆ ಮೈಗೆ ಒತ್ತಿಕೊಂಡಿರುತ್ತೆ, ಈಜು ಎಲ್ಲಾ ಕಾಲಲ್ಲೇ.

ಇನ್ನೊಂದು ಕರಾಮತ್ತು ಇದೆ. ಪುಕ್ಕ ಸಡಿಲ ಬಿಟ್ಟಾಗ ಒಳಗೆ ಗಾಳಿ ತುಂಬಿ ಚೆಂಡಿನ ಹಾಗೆ ತೇಲುತ್ತೆ. ಹೆದರಿದಾಗ ಪುಕ್ಕ ಮೈಗೆ ಒತ್ತಿ ಗಾಳಿ ಹೊರಹಾಕುತ್ತೆ, ಮೈ ನಿಧಾನಕ್ಕೆ ಕೆಳಗಿಳಿದು ಬರೀ ತಲೆ ಮಾತ್ರ ಮೇಲೆ ಉಳಿಯುತ್ತೆ. ಜೊಂಡಿನ ನಡುವೆ ಹಾಗೆ ನಿಂತುಬಿಟ್ರೆ ಹತ್ತಡಿ ದೂರದಲ್ಲಿದ್ರೂ ನಿಮಗೆ ಗೊತ್ತಾಗಲ್ಲ. "ಮುಳುಗಿದ್ದು ಮೇಲೆ ಬರಲೇ ಇಲ್ಲ" ಅಂತ ಜನ ಹೇಳೋದು ಇದಕ್ಕೇ. ನಿಜವಾಗಿ ಒಂದು ಮುಳುಗು ಸಾಮಾನ್ಯವಾಗಿ 10ರಿಂದ 25 ಸೆಕೆಂಡು ಅಷ್ಟೇ. ಫೋನಿನ ಸ್ಟಾಪ್‌ವಾಚ್ ಹಾಕಿ ನೋಡಿ, ಮಜಾ ಇರುತ್ತೆ. ಎದ್ದೇಳೋದು ಮುಳುಗಿದ ಜಾಗದಲ್ಲಲ್ಲ, ಹಾಗಾಗಿ ಒಂದೇ ಕಡೆ ದಿಟ್ಟಿಸಬೇಡಿ.

ಹಿಂದೆ ಇರೋ ಕಾಲಿನ ಬೆಲೆ ನೆಲದ ಮೇಲೆ ತೆರಬೇಕು. ನೆಟ್ಟಗೆ ನಿಂತು ನಡೆಯೋಕೆ ಇದಕ್ಕೆ ಬಲು ಕಷ್ಟ. ಹಾರೋಕೂ ಅಷ್ಟೇ: ನಿಂತಲ್ಲಿಂದ ಏಳೋಕಾಗಲ್ಲ, ನೀರ ಮೇಲೆ ಪಟಪಟ ಕಾಲು ಬಡಿಯುತ್ತಾ ವಿಮಾನದ ಥರ ಓಡಿಯೇ ಏಳಬೇಕು. ಅದಕ್ಕೇ ಅಪಾಯ ಬಂದ್ರೆ ಹಾರೋದಕ್ಕಿಂತ ಮುಳುಗೋದನ್ನೇ ಆರಿಸಿಕೊಳ್ಳುತ್ತೆ. ಹಾಗಂತ ಹಾರೋಕೆ ಬರಲ್ಲ ಅಂತಲ್ಲ. ಕೆರೆ ಬತ್ತಿದಾಗ, ಹೊಸ ಮಳೆಗೆ ಬೇರೆ ಕಡೆ ನೀರು ತುಂಬಿದಾಗ ರಾತ್ರಿ ಹೊತ್ತು ಹಾರಿ ಜಾಗ ಬದಲಿಸುತ್ತೆ. ನಿನ್ನೆ ಇಲ್ಲದ ಜೋಡಿ ಇವತ್ತು ಬೆಳಗ್ಗೆ ನಿಮ್ಮ ಹೊಂಡದಲ್ಲಿ ಪ್ರತ್ಯಕ್ಷ ಆಗೋದು ಹೀಗೆ.

ಏನು ತಿನ್ನುತ್ತೆ?

ಮುಚ್ಚುಮರೆ ಬೇಡ: ಗುಳುಮುಳುಕ ಮೀನು ತಿನ್ನುತ್ತೆ. ಆದ್ರೆ ಎಷ್ಟು ದೊಡ್ಡದು, ಎಷ್ಟು ಪಾಲು ಅನ್ನೋದು ಪ್ರಶ್ನೆ.

ಇದರ ಊಟದಲ್ಲಿ ದೊಡ್ಡ ಪಾಲು ನೀರಿನ ಹುಳಹುಪ್ಪಟೆ. ಏರೋಪ್ಲೇನ್ ಚಿಟ್ಟೆಯ ಮರಿಹುಳ, ನೀರುದುಂಬಿ, ಅಂಗಾತ ಬಿದ್ದು ಈಜುವ ನೀರುತಿಗಣೆ, ಸಣ್ಣ ಸಿಗಡಿ, ಚಿಕ್ಕ ಬಸವನಹುಳು, ಗೊದಮೊಟ್ಟೆ. ಜೊತೆಗೆ ಸಣ್ಣ ಮೀನು, ಹೆಚ್ಚಾಗಿ ಒಂದೆರಡು ಇಂಚಿನವು. ಕೊಕ್ಕು, ಗಂಟಲು ಎರಡೂ ಚಿಕ್ಕವು. ನಾಲ್ಕಿಂಚು ಬೆಳೆದ, ಹೊಟ್ಟೆ ಅಗಲವಾದ ಕಾಟ್ಲಾ ಮರಿಯನ್ನ ಇದು ನುಂಗೋದು ಕಷ್ಟ.

ಈಗ ಆ ಹುಳಗಳ ಪಟ್ಟಿಯನ್ನೇ ಇನ್ನೊಮ್ಮೆ ನೋಡಿ. ಮೀನುಮರಿ ಸಾಕಣೆ ಕಲಿತವರಿಗೆ ಇವು ಹಳೇ ಶತ್ರುಗಳು. ನೀರುತಿಗಣೆ, ನೀರುದುಂಬಿ, ಏರೋಪ್ಲೇನ್ ಚಿಟ್ಟೆಯ ಮರಿಹುಳ ಇವು ಮೂರೂ ಮೊಟ್ಟೆಯಿಂದ ಹೊರಬಂದ ಸಣ್ಣ ಮೀನುಮರಿಗಳನ್ನ ಹಿಡಿದು ರಸ ಹೀರ್ತವೆ ಇಲ್ಲಾ ಕಚ್ಚಿ ತಿಂತವೆ. ಮಳೆಗಾಲದಲ್ಲಿ ಹೊಸ ನೀರು ನಿಂತ ಹೊಂಡಕ್ಕೆ ಇವು ತಾವಾಗೇ ಹಾರಿ ಬರ್ತವೆ. ಅಂದ್ರೆ ಗುಳುಮುಳುಕ ನಿಮ್ಮ ಒಂದಿಂಚಿನ ಮರಿಯನ್ನೂ ತಿನ್ನುತ್ತೆ, ಆ ಮರಿಯನ್ನ ತಿನ್ನೋ ಹುಳವನ್ನೂ ತಿನ್ನುತ್ತೆ. ಲಾಭವೋ ನಷ್ಟವೋ ಅನ್ನೋದು ಹಕ್ಕಿಗಿಂತ ಹೆಚ್ಚಾಗಿ ನೀವು ಬಿಟ್ಟ ಮರಿಯ ಅಳತೆ ಮೇಲೆ ನಿಂತಿದೆ.

ವಿಡಿಯೊ ಕಳಿಸಿದ ಓದುಗರನ್ನ ಕೇಳಿದಾಗ ತಿಳಿದದ್ದು: ಅವರು ಬಿಟ್ಟಿದ್ದು ಬೆರಳುಗುರಿನಷ್ಟು, ಒಂದಿಂಚೂ ಇಲ್ಲದ ಮರಿ. ಬೆಲೆ ಕಮ್ಮಿ ಸಿಕ್ತು ಅಂತ ತಂದಿದ್ರು. ಹೊಂಡದಲ್ಲಿ ಆಗ ನೀರು ನಿಂತು ಒಂದೂವರೆ ತಿಂಗಳಾಗಿತ್ತು, ಹುಳ ತುಂಬಿಕೊಂಡಿತ್ತು. ಇಷ್ಟು ಸಣ್ಣ ಮರಿಯನ್ನ ನೇರ ಹೊಂಡಕ್ಕೆ ಸುರಿದ್ರೆ ಹಕ್ಕಿ ಇರಲಿ ಬಿಡಲಿ, ಬಹುಪಾಲು ಉಳಿಯಲ್ಲ.

ಹಾಗಾಗಿ ಮೊದಲ ಸಲಹೆ: ಹೊಂಡಕ್ಕೆ ನಾಲ್ಕಿಂಚಿನ, ಅಂದ್ರೆ ಸುಮಾರು 10 ಸೆಂಟಿಮೀಟರ್‌ನ ಬಲಿತ ಮರಿ ಬಿಡಿ. ಒಂದಕ್ಕೆ ಸ್ವಲ್ಪ ಹೆಚ್ಚು ದುಡ್ಡು ಆಗುತ್ತೆ, ಆದ್ರೆ ಕೊನೆಗೆ ಕೈಗೆ ಸಿಗೋ ಮೀನಿನ ಲೆಕ್ಕದಲ್ಲಿ ಅದೇ ಅಗ್ಗ. ಸಣ್ಣ ಮರಿಯೇ ಸಿಕ್ಕಿದ್ರೆ ಹಾಪಾ ಕಟ್ಟಿ. ಸೊಳ್ಳೆಪರದೆಯಂಥ ಬಲೆಯಲ್ಲಿ ಹೊಲಿದ ಚೌಕ ಪೆಟ್ಟಿಗೆ ಅದು. ನಾಲ್ಕು ಗೂಟಕ್ಕೆ ಕಟ್ಟಿ ನೀರಲ್ಲಿ ಇಳಿಬಿಟ್ಟು, ಮೇಲೂ ಬಲೆ ಮುಚ್ಚಿ, ಅಕ್ಕಿ ತೌಡು ಮತ್ತು ಶೇಂಗಾ ಹಿಂಡಿ ಸಮ ಬೆರೆಸಿ ಹಾಕ್ತಾ ಎರಡು ಮೂರು ತಿಂಗಳು ಬೆಳೆಸಿ ಆಮೇಲೆ ಹೊಂಡಕ್ಕೆ ಬಿಡಬಹುದು. ಹಾಪಾ ಬಲೆಗೆ ಪಾಚಿ ಕಟ್ಟಿಕೊಳ್ಳುತ್ತೆ, ವಾರಕ್ಕೊಮ್ಮೆಯಾದ್ರೂ ಉಜ್ಜಿ ತೊಳೀಬೇಕು, ಇಲ್ಲಾಂದ್ರೆ ಒಳಗೆ ನೀರು ಆಡಲ್ಲ.

ಸಣ್ಣ ಮರಿಯನ್ನ ಹೊಂಡದಲ್ಲೇ ಬೆಳೆಸ್ತೀವಿ ಅನ್ನೋರಿಗೆ ಹುಳ ಹತೋಟಿಗೆ ಸೋಪು-ಎಣ್ಣೆ ಮಿಶ್ರಣ ಹಳೇ ವಿಧಾನ. ಹೆಕ್ಟೇರ್‌ಗೆ 56 ಕೆಜಿ ಅಗ್ಗದ ಸಸ್ಯಜನ್ಯ ಎಣ್ಣೆ, 18 ಕೆಜಿ ಬಟ್ಟೆ ಸೋಪು. 21 ಮೀಟರ್ ಚೌಕದ ತುಂಬಿದ ಹೊಂಡಕ್ಕೆ ಲೆಕ್ಕ ಹಾಕಿದ್ರೆ ಎಣ್ಣೆ ಸುಮಾರು ಎರಡೂವರೆ ಕೆಜಿ, ಸೋಪು 800 ಗ್ರಾಂ; 10 ಮೀಟರ್ ಚೌಕದ ಹೊಂಡಕ್ಕೆ ಎಣ್ಣೆ 560 ಗ್ರಾಂ, ಸೋಪು 180 ಗ್ರಾಂ. ನೀರು ಕೆಳಗಿದ್ರೆ ನೀರಿನ ಅಳತೆಗೆ ತಕ್ಕಂತೆ ಕಮ್ಮಿ ಮಾಡಿ. ಸೋಪನ್ನ ಬಿಸಿನೀರಲ್ಲಿ ಕರಗಿಸಿ ಎಣ್ಣೆ ಸೇರಿಸಿ ಕಲಕಿ, ಗಾಳಿ ಇಲ್ಲದ ಹೊತ್ತಲ್ಲಿ ನೀರ ಮೇಲೆ ಚಿಮುಕಿಸಬೇಕು. ಮೇಲೆ ಬಂದು ಉಸಿರಾಡೋ ಹುಳಗಳು ಆ ತೆಳು ಪದರದಲ್ಲಿ ಉಸಿರುಕಟ್ಟಿ ಸಾಯ್ತವೆ. ಇದನ್ನ ಮರಿ ಬಿಡೋದಕ್ಕೆ 12ರಿಂದ 24 ಗಂಟೆ ಮೊದಲು ಮಾಡಬೇಕು, ಆಮೇಲಲ್ಲ.

ಇಲ್ಲೊಂದು ಎಚ್ಚರ, ಯಾರೂ ಸಾಮಾನ್ಯವಾಗಿ ಹೇಳಲ್ಲ. ಗುಳುಮುಳುಕದ ಮೈ ಒಣಗಿರೋದು ಪುಕ್ಕದ ದಟ್ಟಣೆಯಿಂದ, ಅದು ದಿನವಿಡೀ ತಿದ್ದಿ ತೀಡಿ ಇಟ್ಟುಕೊಳ್ಳೋದರಿಂದ. ಎಣ್ಣೆ ಸೋಪು ತಾಗಿದ್ರೆ ಪುಕ್ಕ ನೀರು ಹಿಡ್ಕೊಂಡು ಹಕ್ಕಿ ನೆನೆದು ಚಳಿಗೆ ಸಾಯಬಹುದು. ಮಿಶ್ರಣ ಹಾಕೋ ಮೊದಲು ಹೊಂಡದಲ್ಲಿ ಹಕ್ಕಿ ಇದೆಯಾ ನೋಡಿ, ಇದ್ರೆ ಎಬ್ಬಿಸಿ ಕಳಿಸಿ. ಗೂಡು ಇದ್ರೆ ಆ ಸಲ ಹಾಪಾ ದಾರಿಯೇ ಸರಿ. ನಾಲ್ಕಿಂಚಿನ ಮರಿ ಬಿಡೋರಿಗಂತೂ ಈ ಎಣ್ಣೆ ಗಿಣ್ಣೆಯ ಗೊಡವೆಯೇ ಬೇಡ.

ಬೆಳಗ್ಗೆ ಆರು ಗಂಟೆಗೆ ಬರೋ ಕಳ್ಳ

ಬಲೆ ತೆಗೆದ ಮೇಲೆ ಆ ಓದುಗರಿಗೆ ಒಂದು ಕೆಲಸ ಕೊಟ್ಟಿದ್ವಿ: ಒಂದು ವಾರ ಬೆಳಗ್ಗೆ ಆರರಿಂದ ಎಂಟರವರೆಗೆ ಹೊಂಡದಿಂದ ದೂರ, ಮರದ ಮರೆಯಲ್ಲಿ ಕೂತು ಏನೇನು ಬರುತ್ತೆ ಅಂತ ಫೋನಲ್ಲಿ ಹಿಡೀರಿ ಅಂತ. ಮೂರನೇ ದಿನ ಫೋಟೊ ಬಂತು. ಏರಿ ಮೇಲೆ ಎರಡು ಕಪ್ಪು ಹಕ್ಕಿ, ರೆಕ್ಕೆ ಅಗಲಕ್ಕೆ ಬಿಚ್ಚಿ ಬಿಸಿಲು ಕಾಯಿಸ್ತಾ ಕೂತಿದ್ವು. ನೀರುಕಾಗೆ. ಅವರು ಎದ್ದು ಹೊಂಡಕ್ಕೆ ಬರೋದು ಎಂಟೂವರೆಗೆ, ಅಷ್ಟೊತ್ತಿಗೆ ಇವು ತಿಂದು ಹೊರಟಿರ್ತಿದ್ವು. ಹಗಲೆಲ್ಲ ಕಣ್ಣಿಗೆ ಬೀಳ್ತಿದ್ದದ್ದು ಗುಳುಮುಳುಕ ಮಾತ್ರ.

ಎರಡನ್ನೂ ಬೇರೆ ಮಾಡೋದು ಸುಲಭ. ನಮ್ಮಲ್ಲಿ ಸಾಮಾನ್ಯವಾಗಿ ಕಾಣೋ ಚಿಕ್ಕ ನೀರುಕಾಗೆ ಅರ್ಧ ಮೀಟರ್ ಉದ್ದ, ಗುಳುಮುಳುಕದ ಎರಡರಷ್ಟು. ಕಪ್ಪು ಮೈ, ಉದ್ದ ಬಾಲ, ತುದಿ ಕೊಕ್ಕೆಯಂತೆ ಬಾಗಿದ ಕೊಕ್ಕು. ಈಜುವಾಗ ಮೈ ಅರ್ಧ ಮುಳುಗಿ ಕತ್ತು ಮಾತ್ರ ಎದ್ದಿರುತ್ತೆ. ಇದರ ಪುಕ್ಕ ಬೇಗ ನೆನೆಯುತ್ತೆ, ಅದು ಆಳಕ್ಕೆ ಹೋಗೋಕೆ ಅನುಕೂಲ. ಆದ್ರೆ ಆಮೇಲೆ ಕಲ್ಲು, ಗೂಟ, ಮರದ ಮೇಲೆ ಕೂತು ರೆಕ್ಕೆ ಒಣಗಿಸಲೇಬೇಕು. ಗುಳುಮುಳುಕ ಕೊಂಬೆ ಮೇಲೆ, ತಂತಿ ಮೇಲೆ, ಗೂಟದ ಮೇಲೆ ಕೂರಲ್ಲ. ರೆಕ್ಕೆ ಬಿಚ್ಚಿ ಒಣಗಿಸಲ್ಲ. ಕೂತಿರೋದು ಕಂಡ್ರೆ ಅದು ಗುಳುಮುಳುಕ ಅಲ್ಲ, ಅಷ್ಟು ನೆನಪಿಟ್ಕೊಂಡ್ರೂ ಸಾಕು.

ನೀರುಕಾಗೆ ಮುಖ್ಯವಾಗಿ ಮೀನನ್ನೇ ತಿನ್ನೋ ಹಕ್ಕಿ, ಬೆರಳುದ್ದದ ಮೀನನ್ನೂ ಸಲೀಸಾಗಿ ನುಂಗುತ್ತೆ, ಗುಂಪಾಗಿಯೂ ಬರುತ್ತೆ. ಚಿಕ್ಕ ಹೊಂಡಕ್ಕೆ ದಿನಾ ನಾಲ್ಕು ನೀರುಕಾಗೆ ಬಂದ್ರೆ ಪೆಟ್ಟು ಬೀಳೋದು ನಿಜ. ಹಾಗಂತ ಕೊಲ್ಲೋ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಗುಳುಮುಳುಕ, ನೀರುಕಾಗೆ ಎರಡನ್ನೂ ಹೊಡೆಯೋದು, ಹಿಡಿಯೋದು, ಮೊಟ್ಟೆ ಎತ್ತೋದು ಅಪರಾಧ. ವಿಷ ಬೆರೆಸಿದ ಮೀನು ಇಡೋದಂತೂ ಯೋಚನೆಯೂ ಬೇಡ. ಅದನ್ನ ಮೊದಲು ತಿನ್ನೋದು ನಿಮ್ಮ ಮನೆ ನಾಯಿಯೇ ಆಗಿರಬಹುದು.

ಮಾಡಬಹುದಾದ್ದು ಇಷ್ಟು. ಹೊಂಡದ ಈ ದಡದಿಂದ ಆ ದಡಕ್ಕೆ ನೀರಿಗಿಂತ ಒಂದೆರಡು ಅಡಿ ಮೇಲೆ ದಪ್ಪ, ಕಣ್ಣಿಗೆ ಕಾಣೋ ದಾರ ಉದ್ದಕ್ಕೂ ಅಡ್ಡಕ್ಕೂ ಬಿಗಿಯಾಗಿ ಕಟ್ಟಿ, ನಡುನಡುವೆ ಮಿಂಚೋ ರಿಬ್ಬನ್ ಇಳಿಬಿಡಿ. ದಾರದ ಅಂತರ ಕಮ್ಮಿ ಇದ್ದಷ್ಟೂ ಒಳ್ಳೇದು. ಹಾರಿ ಬಂದು ಇಳಿಯೋಕೆ, ಎದ್ದು ಹೋಗೋಕೆ ನೀರುಕಾಗೆಗೆ ಇದು ಕಿರಿಕಿರಿ. ಪೂರ್ತಿ ಬಲೆಯೇ ಹಾಕೋದಾದ್ರೆ ನೀರಿಗೆ ತಾಗದ ಹಾಗೆ, ಜೋತು ಬೀಳದ ಹಾಗೆ ಚೌಕಟ್ಟಿಗೆ ಬಿಗಿದು ಕಟ್ಟಿ. ತೆಳು ನೈಲಾನ್ ಬಲೆಯನ್ನ ನೀರೊಳಗೆ ಇಳಿಬಿಟ್ಟು ರಾತ್ರಿಯೆಲ್ಲ ಬಿಡಬೇಡಿ. ಮುಳುಗೋ ಹಕ್ಕಿಗೆ ಅದು ಕಾಣಲ್ಲ. ಸಿಕ್ಕಿಹಾಕ್ಕೊಂಡ್ರೆ ಅರ್ಧ ನಿಮಿಷ ಒಂದು ನಿಮಿಷದಲ್ಲಿ ಎಲ್ಲಾ ಮುಗೀತು. ಹತ್ತಿರದ ಒಣಮರ, ಗೂಟ ನೀರುಕಾಗೆಗೆ ಕೂರೋ ಜಾಗ, ಬೇಡದ ಗೂಟ ಕಿತ್ತುಹಾಕಿ. ಎಲ್ಲಕ್ಕಿಂತ ಮೇಲಾಗಿ ಬೆಳಗ್ಗೆ ಮೀನಿಗೆ ಮೇವು ಹಾಕೋ ಕೆಲಸವನ್ನ ಆರು ಗಂಟೆಗೇ ಇಟ್ಕೊಳ್ಳಿ. ಮನುಷ್ಯ ಓಡಾಡ್ತಿದ್ರೆ ಅರ್ಧ ಸಮಸ್ಯೆ ಕಮ್ಮಿ.

ಬೇಗ ಹೋಗೋದರಿಂದ ಇನ್ನೊಂದು ಲಾಭ ಇದೆ. ಮೀನು ನೀರ ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ರೆ ಆಮ್ಲಜನಕ ಕಮ್ಮಿ ಅಂತ ಅರ್ಥ, ಅದು ಕಾಣೋದು ನಸುಕಲ್ಲೇ. ಕೆರೆ ನೀರು ಹಾಯಿಸಿ ತುಂಬಿಸಿದ ಹೊಂಡ ಆದ್ರೆ ನೀರಿನ ಜೊತೆ ಕೊರವ ಮೀನಿನ ಮರಿ ಬಂದಿರಬಹುದು, ಅದೂ ದೊಡ್ಡ ಮೀನುಗಳ್ಳ. ನೀರುಹಾವು, ಬಕ, ಮಿಂಚುಳ್ಳಿ ಎಲ್ಲಾ ಪಾಲುದಾರರೇ. ಹಕ್ಕಿ ಮೇಲೆ ತಪ್ಪು ಹೊರಿಸೋ ಮೊದಲು ಇಷ್ಟನ್ನೂ ನೋಡಿ.

ಗೂಡು ಮತ್ತು ನಿಮ್ಮ ಪಂಪ್‌ಸೆಟ್

ಗುಳುಮುಳುಕಕ್ಕೆ ಬೇಕಾದ್ದು ಎರಡು: ಮುಳುಗಿ ಬೇಟೆಯಾಡೋಕೆ ತೆರೆದ ನೀರು, ಅಡಗೋಕೆ ಮತ್ತು ಗೂಡಿಗೆ ಅಂಚಿನಲ್ಲಿ ಜೊಂಡು, ನೀರುಗಿಡ. ಊರ ಕೆರೆ, ಕಲ್ಯಾಣಿ, ಕಲ್ಲುಕ್ವಾರಿಯಲ್ಲಿ ನಿಂತ ನೀರು, ನಾಲೆ ಪಕ್ಕದ ಗುಂಡಿ ಎಲ್ಲಿ ಇವೆರಡೂ ಇದೆಯೋ ಅಲ್ಲಿ ಇರುತ್ತೆ. ಕೆರೆ ತುಂಬ ಅಂತರಗಂಗೆ ಹಬ್ಬಿ ನೀರೇ ಕಾಣದ ಹಾಗಾದ್ರೆ ಬಿಟ್ಟು ಹೋಗುತ್ತೆ. ಕೆರೆಯನ್ನ ಸ್ವಚ್ಛ ಮಾಡ್ತೀವಿ ಅಂತ ಜೇಸಿಬಿ ತಂದು ಅಂಚಿನ ಜೊಂಡನ್ನೆಲ್ಲ ಬೋಳಿಸಿದ್ರೂ ಹೋಗುತ್ತೆ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಊಟಕ್ಕೆ ಬರಬಹುದು, ಗೂಡು ಕಟ್ಟೋದು ಅಪರೂಪ, ಹಿಡಿದು ಕಟ್ಟೋಕೆ ಗಿಡವೇ ಇರಲ್ಲ.

ಗೂಡು ತೇಲುತ್ತೆ. ಕೊಳೆತ ನೀರುಗಿಡ, ಜೊಂಡಿನ ಎಲೆ ರಾಶಿ ಹಾಕಿ ಬೇರೂರಿದ ಗಿಡಕ್ಕೆ ಸಿಕ್ಕಿಸಿರುತ್ತೆ. ನೋಡಿದ್ರೆ ಗೂಡು ಅಂತ ಅನ್ನಿಸಲ್ಲ, ಕಸದ ಗುಪ್ಪೆ. ಮೂರರಿಂದ ಐದಾರು ಮೊಟ್ಟೆ. ಇಟ್ಟಾಗ ಬಿಳಿ, ದಿನ ಹೋದ ಹಾಗೆ ಒದ್ದೆ ಸೊಪ್ಪಿನ ಕಲೆ ಹತ್ತಿ ಕಂದಾಗುತ್ತೆ. ಹಕ್ಕಿ ಎದ್ದು ಹೋಗುವಾಗ ಒಂದೆರಡು ಕೊಕ್ಕು ಸೊಪ್ಪು ಎಳೆದು ಮೊಟ್ಟೆ ಮುಚ್ಚಿ ಹೋಗುತ್ತೆ, ಕಾಗೆ ಕಣ್ಣಿಗೆ ಬೀಳದಿರಲಿ ಅಂತ. ನಮ್ಮಲ್ಲಿ ಮಳೆಗಾಲವೇ ಮುಖ್ಯ ಸಮಯ, ವರ್ಷವಿಡೀ ನೀರಿರೋ ಕಡೆ ಬೇರೆ ತಿಂಗಳಲ್ಲೂ ಮರಿ ಮಾಡುತ್ತೆ. ಕಾವಿಗೆ ಮೂರು ವಾರಕ್ಕೂ ಸ್ವಲ್ಪ ಹೆಚ್ಚು, ಅಪ್ಪ ಅಮ್ಮ ಸರದಿ ಮೇಲೆ ಕೂರ್ತವೆ.

ಮರಿ ನೋಡೋಕೆ ಬಲು ಚೆಂದ. ಮೈ ತುಂಬ ಪಟ್ಟೆ, ಹುಟ್ಟಿದ ಸ್ವಲ್ಪ ಹೊತ್ತಿಗೇ ಈಜುತ್ತೆ, ದಣಿದ್ರೆ ಅಪ್ಪನದೋ ಅಮ್ಮನದೋ ಬೆನ್ನೇರಿ ರೆಕ್ಕೆಯ ಸಂದಿಯಲ್ಲಿ ಕೂರುತ್ತೆ. ಬೆನ್ನ ಮೇಲಿನ ಪುಕ್ಕದಿಂದ ಪುಟ್ಟ ತಲೆ ಇಣುಕೋದನ್ನ ಕ್ಯಾಮೆರಾ ಜೂಮ್ ಮಾಡಿ ದೂರದಿಂದಲೇ ಹಿಡೀಬಹುದು. ಡ್ರೋನ್ ಮಾತ್ರ ಹಾರಿಸಬೇಡಿ. ಹದ್ದು ಅಂತ ಹೆದರಿ ಗೂಡು ಬಿಟ್ಟು ಓಡುತ್ತೆ.

ಇನ್ನು ಪಂಪಿನ ವಿಷಯ. ತೇಲೋ ಗೂಡು ನೀರು ನಿಧಾನಕ್ಕೆ ಏರಿದ್ರೂ ಇಳಿದ್ರೂ ಹೊಂದಿಕೊಳ್ಳುತ್ತೆ. ಆದ್ರೆ ಮಣ್ಣಿನ ಹೊಂಡದಿಂದ, ಚಿಕ್ಕ ಕುಂಟೆಯಿಂದ ಎರಡೇ ದಿನದಲ್ಲಿ ನೀರು ಎತ್ತಿದ್ರೆ ಗೂಡು ಕೆಸರಲ್ಲಿ ಕೂರುತ್ತೆ. ಆಮೇಲೆ ನಾಯಿ, ಮುಂಗುಸಿಗೆ ನಡ್ಕೊಂಡು ಹೋಗೋ ದಾರಿ ಸಿಕ್ಕ ಹಾಗೆ. ಬೆಳೆ ಒಣಗ್ತಿದ್ರೆ ನೀರು ಎತ್ತಲೇಬೇಕು, ಅದನ್ನ ಬಿಡಿ ಅಂತ ಯಾರೂ ಹೇಳಲ್ಲ. ಬೋರ್‌ವೆಲ್ಲೂ ಇದ್ದು ಎರಡು ಕಡೆಯಿಂದ ಹಂಚಿಕೊಂಡು ಎತ್ತೋಕೆ ಸಾಧ್ಯ ಇದ್ರೆ ಆ ಮೂರ್ನಾಲ್ಕು ವಾರ ಹಾಗೆ ಮಾಡಿ. ಹಾಗೇ ಸ್ಪ್ರೇ ಕ್ಯಾನು, ಔಷಧಿ ಡಬ್ಬಿ ಹೊಂಡದಲ್ಲಿ ಅದ್ದಿ ತೊಳೆಯೋ ಅಭ್ಯಾಸ ಇದ್ರೆ ಇವತ್ತೇ ನಿಲ್ಲಿಸಿ. ನೀರಿನ ಹುಳ ಸತ್ರೆ ಗುಳುಮುಳುಕದ ಊಟ ಹೋಯ್ತು, ಮೀನಿನ ಮರಿಗೂ ಅದೇ ಗತಿ.

ರಸ್ತೆ ಮೇಲೆ, ಹೊಲದಲ್ಲಿ ಸಿಕ್ಕರೆ

ರಾತ್ರಿ ಹಾರೋ ಹಕ್ಕಿಗೆ ಮಳೆಗೆ ನೆನೆದ ಡಾಂಬರು ರಸ್ತೆ, ಹೊಳೆಯೋ ಪ್ಲಾಸ್ಟಿಕ್ ಹೊದಿಕೆ ನೀರಿನ ಹಾಗೆ ಕಾಣಬಹುದು. ಇಳಿದುಬಿಟ್ರೆ ಮತ್ತೆ ಏಳೋಕಾಗಲ್ಲ, ಓಡೋಕೆ ನೀರು ಬೇಕಲ್ಲ. ಬೆಳಗ್ಗೆ ಹೊಲದಲ್ಲಿ ಹೊಟ್ಟೆ ಮೇಲೆ ತೆವಳ್ತಿರೋ ಗುಳುಮುಳುಕ ಸಿಕ್ಕರೆ ಕಾಲು ಮುರಿದಿದೆ ಅಂದ್ಕೋಬೇಡಿ. ಬಹಳ ಸಲ ಅದಕ್ಕೆ ಏನೂ ಆಗಿರಲ್ಲ.

ಗಾಳಿಗೆ ಎಸೆದು ಹಾರಿಸೋ ಸಾಹಸ ಮಾಡಬೇಡಿ, ಕೆಳಗೆ ಬಿದ್ದು ನಿಜವಾಗಿ ಪೆಟ್ಟು ಮಾಡ್ಕೊಳ್ಳುತ್ತೆ. ಟವೆಲ್ಲು ಹಾಕಿ ಮೆಲ್ಲಗೆ ಎತ್ತಿ, ಕೊಕ್ಕು ಚೂಪು, ಮುಖಕ್ಕೆ ಹತ್ತಿರ ಹಿಡೀಬೇಡಿ. ತೂತು ಮಾಡಿದ ರಟ್ಟಿನ ಡಬ್ಬದಲ್ಲಿಟ್ಟು ಹತ್ತಿರದ ಕೆರೆಗೆ ಒಯ್ದು ಅಂಚಿನ ನೀರಿಗೇ ಬಿಡಿ. ಕೃಷಿ ಹೊಂಡಕ್ಕಿಂತ ಕೆರೆ ಒಳ್ಳೇದು, ಓಡಿ ಏಳೋಕೆ ಜಾಗ ಇರುತ್ತೆ. ರೆಕ್ಕೆ ಜೋತು ಬಿದ್ದಿದ್ರೆ, ರಕ್ತ ಇದ್ರೆ, ನೀರಲ್ಲಿ ಬಿಟ್ಟ ಮೇಲೂ ಒಂದು ಕಡೆ ವಾಲ್ತಿದ್ರೆ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ. ಅವರು ಬರೋವರೆಗೆ ಕತ್ತಲೆ, ಸದ್ದಿಲ್ಲದ ಜಾಗದಲ್ಲಿ ಇಡಿ, ಬಾಯಿಗೆ ನೀರು ಹುಯ್ಯಬೇಡಿ.

ನಿಮ್ಮ ಹೊಂಡಕ್ಕೆ, ಕೆರೆಗೆ ಯಾವ ಹಕ್ಕಿ ಬರುತ್ತೆ ಅಂತ ಬೆಳಗ್ಗೆ ಆರು ಗಂಟೆಯ ಒಂದು ವಿಡಿಯೊ ನಮ್ಮ ವಾಟ್ಸಾಪ್‌ಗೆ ಕಳಿಸಿ. ಹೊಂಡದ ಅಳತೆ, ಬಿಟ್ಟ ಮರಿಯ ಉದ್ದ, ಬಿಟ್ಟ ತಿಂಗಳು ಮೂರನ್ನೂ ಬರೆಯಿರಿ. ಮುಂದಿನ ವಾರ ಹಾಪಾ ಹೊಲಿಯೋಕೆ ಯಾವ ಬಲೆ ತರಬೇಕು, ಕಣ್ಣು ಎಷ್ಟು ಸಣ್ಣದಿರಬೇಕು, ಮನೆಯಲ್ಲೇ ಹೊಲಿಯೋದು ಹೇಗೆ ಅಂತ ಬರೀತೀವಿ.